ಅತ್ತೆಯ ಸೂಪರ್ ಪವರ್

ಬಬಲೇಶ್ವರದಲ್ಲಿ ಹಿಟ್ಟಿನ ಗಿರಣಿ ನಡೆಸುವ ನಮ್ಮ ಸೋದರತ್ತೆಯನ್ನು ಕೇಳದೆ ಜಗತ್ತಿನ ಯಾವ ದೇಶವೂ ತನ್ನನ್ನು ಸೂಪರ್ ಪವರ್ ಎಂದು ಕರೆದುಕೊಳ್ಳಬಾರದು! ನಗಬೇಡಿ. ನಗಲೇಬೇಕೆಂದರೆ ಹೊತ್ತು ಮುಳುಗುವಾಗ ಅವಳ ಗಿರಣಿಯ ಬಾಗಿಲಲ್ಲಿ ನಿಂತು ನಗಿ, ನೋಡೋಣ. ಒಳಗೆ ಕತ್ತಲೆ. ಅದರೊಳಗೆ ತಲೆ, ಹುಬ್ಬು, ಕಣ್ಣಿನ ರೆಪ್ಪೆಯವರೆಗೂ ಜೋಳದ ಹಿಟ್ಟು ಮೆತ್ತಿಕೊಂಡ ಬಿಳಿ ಆಕೃತಿಯೊಂದು ಮಿಸುಕದೆ ಕೂತಿರುತ್ತದೆ. ಅದು ನಿಮ್ಮನ್ನು ಬಿಟ್ಟು, ನಿಮ್ಮ ಹೆಗಲ ಹಿಂದೆ ನಿಂತ ಇನ್ಯಾರನ್ನೋ ನೋಡುತ್ತ "ಯಾರದು?" ಎನ್ನುತ್ತದೆ. ನಾನಂತೂ ಪ್ರತಿ ಸಲವೂ ಹಿಂತಿರುಗಿ ನೋಡಿದ್ದೇನೆ.

ನಾನು ವಿಜಯಪುರದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳುವವನು. ಒಮ್ಮೆ ಟಿವಿಯಲ್ಲಿ ನಮ್ಮ ದೇಶ ಸೂಪರ್ ಪವರ್ ಆಗಲಿದೆ ಎಂದು ನಾಲ್ಕು ಜನ ಒಟ್ಟಿಗೇ ಕಿರುಚುತ್ತಿದ್ದರು. ಹಾಗೆಂದರೇನು ಎಂದು ಅತ್ತೆ ಕೇಳಿದಳು. ಕೇಳಿದ್ದೇ ತಡ, ನಾನು ತರಗತಿಯನ್ನೇ ಶುರು ಮಾಡಿದೆ. ಸೈನ್ಯ ಬೇಕು, ಸಂಪತ್ತು ಬೇಕು, ವಿಜ್ಞಾನ ಬೇಕು, ನಾವು ಕೆಮ್ಮಿದರೆ ನಾಲ್ಕು ದೇಶ ತಿರುಗಿ ನೋಡಬೇಕು ಎಂದೆಲ್ಲ ಹೇಳಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡಳು.

"ಅದೆಲ್ಲಾ ಇರ್ಲಿ. ಅಲ್ಲಿ ಗಿರಣಿಗೆ ತ್ರೀ ಫೇಸ್ ಎಷ್ಟ ತಾಸ ಕೊಡ್ತಾರ?"

ಆಗ ತಿಳಿಯಿತು. ಅತ್ತೆಯ ಲೆಕ್ಕದಲ್ಲಿ ಸಿಂಗಲ್ ಫೇಸ್ ಮೇಲೆ ತ್ರೀ ಫೇಸ್, ತ್ರೀ ಫೇಸ್ ಮೇಲೆ ಸೂಪರ್ ಪವರ್! ಅದು ಮೊದಲು ವಿಜಯಪುರಕ್ಕೆ ಬಂದು, ಸಾರವಾಡ ದಾಟಿ, ಕೊನೆಗೆ ಬಬಲೇಶ್ವರ ಮುಟ್ಟುತ್ತದೆ ಎಂದು ಅವಳು ಕಾಯುತ್ತಿದ್ದಳು. ತಿದ್ದಲು ಹೋದೆ. ಯಾವ ಪಠ್ಯಪುಸ್ತಕವನ್ನು ಹಿಡಿದು ತಿದ್ದಲಿ, ಹೇಳಿ? ಬಿಟ್ಟುಬಿಟ್ಟೆ.

ಮೊದಲೆಲ್ಲ ಕರೆಂಟ್ ಬಂದ ಕೂಡಲೇ ಇಡೀ ಓಣಿ "ಬಂತೂ!" ಎಂದು ಒದರುತ್ತಿತ್ತು. ಎಲ್ಲರಿಗಿಂತ ದೊಡ್ಡ ಗಂಟಲು ನಮ್ಮ ಮಾವನದು. ಅವನು ಒದರುವುದು, ಅತ್ತೆ ದೀಪಕ್ಕೆ ಕೈ ಮುಗಿಯುವುದು, ಇದು ಆ ಮನೆಯ ಸಂಜೆಯ ಪದ್ಧತಿ. ಮಾವ ತೀರಿಕೊಂಡ. ಓಣಿಗೆ ಇನ್ವರ್ಟರ್‌ಗಳು ಬಂದವು. ಕರೆಂಟ್ ಹೋದದ್ದೇ ಗೊತ್ತಾಗದವರು ಬಂತೆಂದು ಯಾಕೆ ಒದರುತ್ತಾರೆ? ಅತ್ತೆಗೆ ಮಾತ್ರ ಇನ್ವರ್ಟರ್ ಬೇಡವಂತೆ, ಡಬ್ಬಿಯೊಳಗೆ ಕೂತ ಕರೆಂಟು ತಂಗಳಂತೆ!

ಓಣಿಯ ಕೂಗು ನಿಂತಂದಿನಿಂದ ಅವಳ ಮನೆಯಲ್ಲಿ ವಿಚಿತ್ರಗಳು ಶುರುವಾದವು. ಮನೆಯ ಸ್ವಿಚ್ಚಿನ ಗುಂಡಿಗಳನ್ನೆಲ್ಲ ಅವಳು ಒತ್ತಿಯೇ ಇಟ್ಟಿರುತ್ತಿದ್ದಳು. ಕರೆಂಟ್ ಬಂದೊಡನೆ ಯಾರೂ ಇಲ್ಲದ ಕೋಣೆಯಲ್ಲಿ ರೇಡಿಯೋ ಅರ್ಧ ವಾಕ್ಯದಿಂದ ಮಾತು ಶುರು ಮಾಡುತ್ತಿತ್ತು. ಅಡುಗೆಮನೆಯಲ್ಲಿ ಖಾಲಿ ಮಿಕ್ಸಿ ಗರಗರ ಅನ್ನುತ್ತಿತ್ತು. ಮಾವ ಮಲಗುತ್ತಿದ್ದ ಮಂಚದ ಮೇಲೆ ಫ್ಯಾನ್ ತಿರುಗಿ, ಮಡಿಚಿಟ್ಟ ಚಾದರದ ಚುಂಗು ಯಾರೋ ಮಗ್ಗಲು ಬದಲಿಸಿದಂತೆ ಏಳುತ್ತಿತ್ತು. ಪಕ್ಕದ ಮನೆಯ ಟೇಲರ್ ಚಾಚಾ ಒಮ್ಮೆ ನನ್ನನ್ನು ಬದಿಗೆ ಕರೆದು, ನಿಮ್ಮ ಮಾವ ಕರೆಂಟಿನ ಜೊತೆ ಬಂದು ಹೋಗುತ್ತಾರೆ ಎಂದು ಪಿಸುಗುಟ್ಟಿದರು. ಅತ್ತೆಯನ್ನು ಕೇಳಿದೆ.

"ಬರ್ಲಿ ಬಿಡೋ. ಇದ್ದಾಗೂ ಹೇಳಿ ಬರತಿರಲಿಲ್ಲ," ಎಂದಳು.

ಇದನ್ನೆಲ್ಲ ಕಂಡು ಅವಳ ಮಗ ಹೆದರಿದ್ದ. ತಿಕೋಟಾ ಕಡೆಯಿಂದ ದ್ರಾಕ್ಷಿ ಸಾಗಿಸುವ ಗಾಡಿ ಅವನದು. ಬೆಳಿಗ್ಗೆ ಹೋದರೆ ಬರುವುದು ಕತ್ತಲಾದ ಮೇಲೆ. ಅವ್ವನಿಗೆ ವಯಸ್ಸಾಯಿತು, ತಿರುಗುವ ಬೆಲ್ಟಿಗೆ ಎಂದಾದರೂ ಸೆರಗು ಸಿಕ್ಕೀತು, ಒಂದೇ ಒಂದು ತಪ್ಪು ಕಂಡರೂ ಬೆಲ್ಟ್ ಬಿಚ್ಚಿ ಗಿರಣಿಗೆ ಬೀಗ ಹಾಕುತ್ತೇನೆ ಎಂದು ಹೇಳಿಬಿಟ್ಟಿದ್ದ. ಗಿರಣಿ ನಿಂತರೆ ತಾನೂ ನಿಂತಂತೆ ಎಂದು ಅತ್ತೆ ನನ್ನ ಮುಂದೆ ಅತ್ತಿದ್ದಳು. ಅವಳು ಅತ್ತದ್ದನ್ನು ಅದಕ್ಕೂ ಮೊದಲು ನಾನು ನೋಡಿರಲಿಲ್ಲ.

ಮೊನ್ನೆ ಹೋದಾಗ ಮನೆ ಸ್ಮಶಾನದಂತೆ ಸುಮ್ಮನಿತ್ತು. ಹಿಂದಿನ ದಿನ ವೋಲ್ಟೇಜ್ ವಿಪರೀತ ಏರಿ ರೇಡಿಯೋ, ಮಿಕ್ಸಿ, ಫ್ಯಾನ್ ಮೂರೂ ಸುಟ್ಟಿದ್ದವು. ನಿನ್ನ ಸೂಪರ್ ಪವರ್ ಬಂದಿತ್ತು, ಎಲ್ಲಾ ಸುಟ್ಟು ಹೋಯಿತು ಎಂದು ಅತ್ತೆ ನನ್ನ ಮೇಲೇ ತಪ್ಪು ಹಾಕಿದಳು. ಮಗ ಹೊಸ ಬಲ್ಬ್ ಒಂದನ್ನು ಮಾತ್ರ ಹಾಕಿ ಹೋಗಿದ್ದ. ಹೊತ್ತು ಮುಳುಗಿತು, ಕರೆಂಟ್ ಇರಲಿಲ್ಲ. ಕತ್ತಲಲ್ಲಿ ಇಬ್ಬರೂ ಎದುರುಬದುರು ಕೂತು ಮಾತಾಡುತ್ತಿದ್ದೆವು. ಆಗ ಸದ್ದಿಲ್ಲದೆ ಬಲ್ಬ್ ಹೊತ್ತಿತು.

ಎದುರಿಗೆ ಬಿಳಿ ಮುಖ. ಬಿಳಿ ರೆಪ್ಪೆಗಳ ನಡುವೆ ಕಣ್ಣುಗಳು ಪೂರ್ತಿ ತೆರೆದಿವೆ. ಬೆಳಕು ನೇರ ಅವುಗಳ ಮೇಲೇ ಬಿದ್ದಿದೆ. ಕಣ್ಣು ಪಿಳುಕಿಸಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಮೆಲ್ಲಗೆ ಕೇಳಿದಳು:

"ಕರೆಂಟ್ ಇನ್ನೂ ಬಂದಿಲ್ಲಲ್ಲಾ?"

ನನ್ನ ಮೈ ಜುಮ್ಮೆಂದಿತು. ರೇಡಿಯೋ, ಮಿಕ್ಸಿ, ಖಾಲಿ ಮಂಚದ ಮೇಲಿನ ಫ್ಯಾನ್ ಎಲ್ಲ ಯಾಕೆಂದು ಈಗ ಅರ್ಥವಾಯಿತು. ಇನ್ನೂ ಇಲ್ಲ ಅತ್ತಿ ಎಂದೆ. ಆ ಸುಳ್ಳನ್ನು ನಿಜ ಮಾಡಲು ಎದ್ದು ಗುಂಡಿ ಒತ್ತಿ ದೀಪ ಆರಿಸಿದೆ. ಟಕ್ ಎಂದಿತು.

ಅವಳು ಆ ಸದ್ದಿನ ಕಡೆ ಕಿವಿ ತಿರುಗಿಸಿದಳು.

"ಯಾಕ ಆರಿಸಿದಿ?" ಎಂದಳು. "ಕಣ್ಣ ಕಾಣವಲ್ದು ತಮ್ಮಾ. ಕರೆಂಟ್ ಬಂದದ್ದ ಸಪ್ಪಳದ ಮ್ಯಾಲ ತಿಳ್ಕೋತಿದ್ದೆ. ನನ್ನ ಮಗನ ಮುಂದ ಹೇಳಬ್ಯಾಡ."

ನಾಳೆಯೇ ವಿಜಯಪುರಕ್ಕೆ ಹೋಗಿ ಕಣ್ಣು ತೋರಿಸುವುದು, ಅಲ್ಲಿಯವರೆಗೆ ಬೆಲ್ಟ್ ಮುಟ್ಟಬಾರದು, ಅವನಿಗೆ ನಾನೇ ತಿಳಿಸಿ ಹೇಳುತ್ತೇನೆ ಎಂದೆ. ಅವಳು ಕತ್ತಲಲ್ಲಿ ನನ್ನ ಕೈ ಹುಡುಕಿ ಹಿಡಿದು ಹೂಂ ಎಂದಳು.

"ಅಲ್ಲೋ, ಆ ಸೂಪರ್ ಪವರ್ ದೇಶದಾಗ ಬಂತು ಅಂತ ಒದರವ್ರು ಇರ್ತಾರೇನು?"

ಅಲ್ಲಿ ಕರೆಂಟ್ ಹೋಗುವುದೇ ಇಲ್ಲ, ಯಾರು ಒದರಬೇಕು ಎಂದೆ.

"ಹಂಗಾದ್ರ ಅಂಥಾ ದೇಶ ನನಗ ಬ್ಯಾಡಪ್ಪಾ."

ನಾನು ಎದ್ದೆ. ಗುಂಡಿ ಒತ್ತಿ, ಇದ್ದಬದ್ದ ಗಂಟಲನ್ನೆಲ್ಲ ಸೇರಿಸಿ ಮಾವನ ಹಾಗೆ "ಬಂತೂ!" ಎಂದು ಒದರಿದೆ. ಓಣಿಯ ಜನ ಏನು ಬಂತೆಂದು ಗಾಬರಿಯಾಗಿ ಹೊರಗೆ ಓಡಿಬಂದರು. ಟೇಲರ್ ಚಾಚಾನ ಬಾಯಲ್ಲಿ ಇನ್ನೂ ಗುಂಡುಸೂಜಿ ಇತ್ತು.

ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಬಲ್ಬ್ ಇದ್ದದ್ದು ಅವಳ ಎದುರಿನ ಗೋಡೆಯ ಮೇಲೆ. ಅವಳು ಅದನ್ನು ಬಿಟ್ಟು ನನ್ನ ದನಿ ಬಂದ ಕಡೆ ತಿರುಗಿ ಕೈ ಮುಗಿದಳು.