ನಮ್ಮ ಅತ್ತೆಯ ಸಿಮೆಂಟ್ ಅಣಬೆಗಳು

ಎಲ್ಲರ ಊರಿನಲ್ಲಿ ಮಳೆ ಬಿದ್ದ ಮೇಲೆ ಅಣಬೆ ಏಳುತ್ತವೆ. ಬೇಡಕಿಹಾಳದ ನಮ್ಮ ಅತ್ತೆಯ ಅಂಗಳದಲ್ಲಿ ಮಾತ್ರ ಸಿಮೆಂಟಿನ ಚೀಲ ಬಿಚ್ಚಿದ ಮೇಲೆ ಏಳುತ್ತವೆ! ಬೇಸಿಗೆಯೋ ಚಳಿಗಾಲವೋ, ಅವಕ್ಕೆ ಲೆಕ್ಕವಿಲ್ಲ. ದುಂಡನೆಯ ಕೆಂಪು ಟೊಪ್ಪಿಗೆ, ಅದರ ತುಂಬ ಬಿಳಿ ಚುಕ್ಕೆ, ಕೆಳಗೆ ದಪ್ಪನೆಯ ಬಿಳಿ ಕಾಲು. ನಲ್ಲಿಯ ಪಕ್ಕದಲ್ಲೊಂದು, ಗೇಟಿನ ಬಲಕ್ಕೊಂದು, ಅವಳ ಗಂಡ, ನಮ್ಮ ಮಾಮಾ, ಬೈಕು ನಿಲ್ಲಿಸುತ್ತಿದ್ದ ಜಾಗದಲ್ಲಂತೂ ಒಂದು ಸಂಸಾರವೇ ಇದೆ. ಬೈಕು ಈಗ ಬೀದಿಯಲ್ಲಿ ನಿಲ್ಲುತ್ತದೆ.

ಇದರಲ್ಲಿ ವಿಚಿತ್ರವೇನು ಗೊತ್ತೇ? ನಮ್ಮದು ಜೈನರ ಮನೆ. ಅಣಬೆಯ ಮಾತು ಹಾಗಿರಲಿ, ಬಟಾಟಿ ಉಳ್ಳಾಗಡ್ಡಿಗಳಿಗೇ ಅತ್ತೆಯ ಅಡುಗೆಮನೆಯ ಹೊಸ್ತಿಲು ದಾಟುವ ಅಪ್ಪಣೆಯಿಲ್ಲ. ಅಂಥ ಮನೆಯ ಅಂಗಳದಲ್ಲಿ ಅಣಬೆಗಳ ಈ ದರ್ಬಾರು!

"ತಿನ್ನಲಾರದ್ದನ್ನ ಯಾಕ ಮಾಡ್ತಿ?" ಎಂದು ಮಾಮಾ ಒಮ್ಮೆ ಕೇಳಿದರು.

"ನಾ ಏನ್ ಕುಕ್ಕರಿನ್ಯಾಗ ಇಟ್ಟೀನೇನ್ರಿ? ಅಂಗಳದಾಗ ಇಟ್ಟೀನಿ. ನೋಡಿದ್ರ ಯಾವ ಪಾಪ ಬರ್ತೈತಿ?"

"ಪಾಪ ಬರೂದಿಲ್ಲ. ಕಣ್ಣ ಮುಚ್ಚಿದ್ರ ಬರೇ ಚುಕ್ಕಿ ಬರ್ತಾವ."

ಅತ್ತೆ ಎಂದರೆ ನಮ್ಮ ಅಪ್ಪನ ಅಕ್ಕ. ಊರಿನ ಅಂಗನವಾಡಿಯಲ್ಲಿ ಜೀವನವಿಡೀ ಕಲಿಸಿ, ಅರ್ಧ ಊರಿನ ಮೂಗು ಒರೆಸಿದವಳು. ಈಗಲೂ ಮೀಸೆ ಬಂದ ಗಂಡಸರು ಬೈಕಿನಿಂದಿಳಿದು "ನಮಸ್ಕಾರ್ರಿ ಅಕ್ಕೋರ" ಎಂದು ಕೈಮುಗಿದರೆ ಅವಳ ದೃಷ್ಟಿ ಮೊದಲು ಹೋಗುವುದು ಅವರ ಉಗುರಿನ ಕಡೆಗೆ. ಹೋದ ವರ್ಷ ನಿವೃತ್ತಿಯಾಯಿತು. ಶಾಲು ಹೊದಿಸಿದರು, ಹಾರ ಹಾಕಿದರು, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಆ ಗಡಿಯಾರದ ಟಿಕ್ ಟಿಕ್ ಅಡುಗೆಮನೆಯವರೆಗೂ ಕೇಳಿಸತೊಡಗಿದಾಗ ಮನೆ ಎಷ್ಟು ಸಪ್ಪಳವಿಲ್ಲದೆ ಇದೆ ಎಂಬುದು ಅವಳಿಗೆ ತಿಳಿಯಿತು. ಅತ್ತೆಗೆ ಮಕ್ಕಳಿಲ್ಲ. ಮಾಮಾ ಬಾಯಿಬಿಟ್ಟು ಮಾತಾಡುವುದು ಕಬ್ಬಿಗೆ ನೀರು ಬಿಡುವಾಗ, ಅದೂ ಹೆಚ್ಚಾಗಿ ಮೋಟಾರಿನ ಜೊತೆಗೆ.

ಹೊತ್ತು ಹೋಗಲಿ ಎಂದು ನಾನೇ ಒಂದು ಸ್ಮಾರ್ಟ್ ಫೋನ್ ಕೊಡಿಸಿದೆ. ಪ್ರವಚನ ಕೇಳುತ್ತಾಳೆ, ಹೊಸ ಅಡುಗೆ ಕಲಿಯುತ್ತಾಳೆ ಎಂದುಕೊಂಡಿದ್ದೆ. ಅವಳು ನೋಡಿದ್ದು ಯಾವುದೋ ದೇಶದ ಹೆಂಗಸೊಬ್ಬಳು ಹಳೆಯ ಬೋಗುಣಿ ಬೋರಲು ಹಾಕಿ, ಕೆಂಪು ಬಣ್ಣ ಬಳಿದು, ಕೋಲಿನ ಮೇಲೆ ಕೂರಿಸಿ ತೋಟದಲ್ಲಿ ಅಣಬೆ ನಿಲ್ಲಿಸುವುದನ್ನು! ಮರುದಿನ ಅಡುಗೆಮನೆಯಲ್ಲಿ ಸಾರು ಮಾಡಲು ಬೋಗುಣಿ ಸಿಗಲಿಲ್ಲ.

"ಜ್ವರ ಇದ್ದಂಗ ಇದು. ಎಲ್ಡ ದಿನದಾಗ ಇಳಿತೈತಿ," ಎಂದರು ಮಾಮಾ.

ಇಳಿಯಲಿಲ್ಲ. ಚಿಕ್ಕೋಡಿಯ ನನ್ನ ಹೊಲಿಗೆ ಅಂಗಡಿಯವರೆಗೂ ಬಂತು. ಅಣಬೆ ಚಿತ್ರದ ಕೌದಿ ಹೊಲಿಯಲು, ಬಟ್ಟೆ ಕತ್ತರಿಸಿ ಉಳಿದ ಚಿಂದಿ ಬೇಕೆಂದು ಅತ್ತೆ ಚೀಲ ಹಿಡಿದು ಬಂದಳು. ಚಿಂದಿ ತಾನೇ, ಒಯ್ಯಲಿ ಎಂದು ನಾನು ಗಿರಾಕಿಯ ಅಳತೆ ತೆಗೆಯುತ್ತ ನಿಂತೆ. ಸಂಜೆ ನೋಡುತ್ತೇನೆ, ಸಂಕೇಶ್ವರದ ಮದುಮಗಳ ಕೆಂಪು ರೇಷ್ಮೆ ಕುಪ್ಪಸದ ಬಟ್ಟೆಯೇ ಇಲ್ಲ! ಫೋನು ಹಚ್ಚಿದರೆ ಅತ್ತೆ ಎಷ್ಟು ಸಮಾಧಾನದಿಂದ ಹೇಳಿದಳು ಅಂತೀರಿ:

"ಹೂಂ, ಅದು ಅಣಬಿ ಟೊಪ್ಪಿಗಿ ಆತು. ಭಾಳ ಚಂದ ಹೊಳಿತೈತಿ."

"ಅತ್ತಿ, ಆಕಿ ಮದುವಿ ಐತಿ! ಆಕಿ ಏನ್ ಹಾಕ್ಕೋಬೇಕು?"

"ಕುಪ್ಪಸಾ ಒಬ್ಬಾಕಿ ಹಾಕ್ಕೋತಾಳವಾ. ಕೌದಿ ಮ್ಯಾಲ ಹತ್ತು ಮಕ್ಕಳು ಕೂಡ್ತಾವ. ನೀನಽ ಹೇಳು, ಯಾವುದು ಹೆಚ್ಚಿಂದು?"

ನಾನು ನಿಪ್ಪಾಣಿಯ ಬಟ್ಟೆ ಅಂಗಡಿಗಳನ್ನೆಲ್ಲ ಸುತ್ತಿ ಅದೇ ಬಣ್ಣದ ರೇಷ್ಮೆ ಹುಡುಕಿದೆ. ಆಗ ನನಗೆ ಸಿಟ್ಟಿನ ಭರದಲ್ಲಿ 'ಹತ್ತು ಮಕ್ಕಳು' ಎಂಬ ಮಾತು ಕಿವಿಗೇ ಬೀಳಲಿಲ್ಲ.

ಬಟ್ಟೆಯ ಅಣಬೆ ಮುಗಿದ ಮೇಲೆ ಸಿಮೆಂಟಿನವು ಶುರುವಾದವು. ಅದಕ್ಕೆ ಗೌಂಡಿ ಚಾಚಾನನ್ನು ಕರೆಸಿದಳು. ಅತ್ತೆಯ ಮನೆ ಕಟ್ಟಿದವನೂ ಅವನೇ, ಅಂಗನವಾಡಿಯ ಗೋಡೆಗೆ ಗಾರೆ ಬಳಿದು ಗಿಲಾಯಿ ಮಾಡಿದವನೂ ಅವನೇ. ಸಿಮೆಂಟ್ ಹೊರುವ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಗಾರೆ ಮೆತ್ತಿದರೆ ಟೊಪ್ಪಿಗೆ, ಹಳೆಯ ಪೈಪಿನ ಒಳಗೆ ಕಾಂಕ್ರೀಟು ತುಂಬಿದರೆ ಕಾಲು. ಕೂರಲು ಕುರ್ಚಿಗಳೂ ಆದವು ಎಂದು ಅತ್ತೆ ಬೀಗಿದಳು. ಆದರೆ ಅಣಬೆಯ ತಲೆ ಉಬ್ಬಿರುತ್ತದೆಯಲ್ಲ, ಕೂತವರು ಅದರ ಮೇಲೆ ಉಳಿಯಬೇಕಲ್ಲ! ರಾಯಬಾಗದಿಂದ ಬಂದ ಬೀಗರೊಬ್ಬರು ಚಹಾದ ಕಪ್ಪು ಹಿಡಿದು ಗಾಂಭೀರ್ಯದಿಂದ ಕೂತರು, ಅದೇ ಗಾಂಭೀರ್ಯದಿಂದ ಮೆಲ್ಲಗೆ ಜಾರಿ ನೆಲ ಸೇರಿದರು. ಒಂದು ಹನಿ ಚಹಾ ಚೆಲ್ಲಲಿಲ್ಲ. ಅವರ ಆ ಕೌಶಲವನ್ನು ನಮ್ಮ ಮನೆಯಲ್ಲಿ ಇಂದಿಗೂ ಹೊಗಳುತ್ತೇವೆ.

"ಬಾಯೀ, ಮ್ಯಾಲ ಜರಾ ಸಪಾಟ ಮಾಡಿಬಿಡ್ತೀನ್ರಿ," ಎಂದ ಚಾಚಾ.

"ಸಪಾಟ ಮಾಡಿದ್ರ ಅದು ಅಣಬಿ ಆಗೂದಿಲ್ಲ ಚಾಚಾ, ಸ್ಟೂಲ್ ಆಗ್ತೈತಿ. ದೊಡ್ಡಾವರು ಜಾರಿದ್ರ ಜಾರವಲ್ಲರ್ಯಾಕ. ಸಣ್ಣಾವರಿಗೆ ಜಾರೂದಂದ್ರ ಖುಷಿ."

ಆಮೇಲೆ ಬಂತು ನೋಡಿ ದೊಡ್ಡ ಹುಚ್ಚು, ಅಣಬೆಯ ಮನೆ! ಗೇಟಿನ ಒಳಗೆ, ಬೇವಿನ ಗಿಡದ ಕೆಳಗೆ, ಒಳಗೆ ಹೋಗಿ ಕೂರುವಂಥದ್ದು. ದುಂಡು ಗೋಡೆ, ಕಬ್ಬಿಣದ ಸಲಾಕೆ ಬಗ್ಗಿಸಿ ಜಾಳಿಗೆ ಕಟ್ಟಿ ಸಿಮೆಂಟ್ ಮೆತ್ತಿದ ಕೊಡೆಯಂಥ ಮಾಡು, ಎರಡು ದುಂಡು ಕಿಟಕಿ. ಗೋಡೆ ಸ್ವಲ್ಪ ಓರೆಯಾಗಿರಬೇಕು, ನಿಜವಾದ ಅಣಬೆ ಎಂದಾದರೂ ನೆಟ್ಟಗೆ ನಿಲ್ಲುತ್ತದೆಯೇ ಎಂದು ಅತ್ತೆಯ ವಾದ. ಚಾಚಾ ಕಟ್ಟಿದ್ದು ಕೈಗುಣದಿಂದ ತಾನಾಗಿಯೇ ನೆಟ್ಟಗಾಗುತ್ತಿತ್ತು. ಅತ್ತೆ ಕೆಡವಿಸುತ್ತಿದ್ದಳು.

"ಜಿಂದಗೀಭರ ಗ್ವಾಡಿ ಡೊಂಕ ಆದ್ರ ಬೈಸ್ಕೊಂಡೀನ್ರಿ ಬಾಯೀ," ಎಂದು ಚಾಚಾ ತಲೆಯ ಮೇಲೆ ಕೈಹೊತ್ತು ಕೂತ. "ಸೀದಾ ಆತಂತ ಬೈಸ್ಕೋಳೂದು ಇದಽ ಪೈಲಾ ಸಲ!"

ಬಾಗಿಲು ಮಾತ್ರ ಎಷ್ಟು ಗಿಡ್ಡ ಎಂದರೆ ದೊಡ್ಡವರು ಅಂಬೆಗಾಲಿಡಬೇಕು. ಒಳಗೆ ಏನಿದೆ ಎಂದು ನೋಡಲು ಮಾಮಾ ತಲೆ ತೂರಿಸಿದರು. ತಲೆ ಹೋಯಿತು, ಹೆಗಲು ಹೋಯಿತು, ಹೊಟ್ಟೆ ಹೋಗಲೊಲ್ಲದು, ಹಿಂದಕ್ಕೆ ಬರಲೂ ಒಲ್ಲದು! ಅಷ್ಟರಲ್ಲಿ ಬೀದಿಯಲ್ಲಿ ಹೊರಟಿದ್ದ ಪರವೂರಿನ ಮುದುಕನೊಬ್ಬ ಕೆಂಪು ಶಿಖರ ಕಂಡು, ಒಳಗೆ ತಲೆಯಿಟ್ಟು ಮಲಗಿದ ಮಾಮಾನ ಭಕ್ತಿಯನ್ನೂ ಕಂಡು, ಚಪ್ಪಲಿ ಬಿಟ್ಟು ಕೈಮುಗಿದ.

"ಯಜ್ಜಾ, ಅದು ದೇವರಲ್ಲೋ, ಅಣಬಿ!" ಎಂದು ಅತ್ತೆ ಕೂಗಿದಳು.

"ಹೆಸರ ಏನರ ಇರವಲ್ತ್ಯಾಕ ಬಿಡವಾ, ನಡಕೊಳ್ಳಾವ್ರ ಅದಾರಲ್ಲ," ಎಂದು ಅವನು ಮಾಮಾನ ಕಡೆ ತೋರಿಸಿ ಮುಂದೆ ಹೋದ.

ಚಾಚಾ ಬಂದು ಮಾಮಾನ ಕಾಲು ಹಿಡಿದು ಎಳೆದ. ಹೊರಬಂದ ಮಾಮಾ ಧೂಳು ಕೂಡ ಕೊಡವಲಿಲ್ಲ. "ಇದನ್ನ ಯಾರ ಸಲುವಾಗಿ ಕಟ್ಟೀ?" ಎಂದು ಮೊದಲ ಸಲ ಜೋರಾಗಿ ಕೇಳಿದರು.

ಆಗ ಅತ್ತೆ ಬಾಯಿಬಿಟ್ಟಳು. ಅವಳ ಕೊನೆಯ ಗುಂಪಿನ ಮಕ್ಕಳು ಈಗ ಒಂದನೇ ಎರಡನೇ ತರಗತಿಯಲ್ಲಿವೆ. ದಿನಾ ಸಾಲೆ ಬಿಟ್ಟ ಮೇಲೆ ಇದೇ ಬೀದಿಯಲ್ಲಿ ಹೋಗುತ್ತವೆ. ಅವು ಒಂದು ಗಳಿಗೆ ಒಳಗೆ ಬರಲಿ, ಕೂತು ಹೋಗಲಿ. ಅಷ್ಟೇ ಅವಳಿಗೆ ಬೇಕಾಗಿದ್ದು.

"ಮಕ್ಕಳ ಸಪ್ಪಳಿಲ್ಲದ ನನಗ ಉಂಡಿದ್ದ ರುಚಿ ಹತ್ತವಲ್ದ್ರೀ," ಎಂದಳು. ನಗುತ್ತ ಹೇಳಿದಳು, ಆದರೆ ನನಗೆ ನಗು ಬರಲಿಲ್ಲ. ಮಾಮಾ ಈಗ ಧೂಳು ಕೊಡವಿಕೊಂಡರು. ತಮ್ಮ ಮರ್ಯಾದೆ ಉಳಿಸಿಕೊಳ್ಳಲು, "ಬರ್ಲಿ. ಬರಲಿಲ್ಲಂದ್ರ ಗೊಬ್ಬರದ ಚೀಲ ಇಡಾಕ ಜಾಗಾ ಆತು," ಎಂದು ಕಬ್ಬಿನ ಕಡೆ ಹೊರಟರು.

ಮಳೆಗಾಲದ ಸಾಲೆ ಶುರುವಾಯಿತು. ಅತ್ತೆ ಅಣಬೆ ಮನೆಯೊಳಗೆ ಆ ರೇಷ್ಮೆ ಟೊಪ್ಪಿಗೆಯ ಕೌದಿ ಹಾಸಿದಳು, ಚಿತ್ರದ ಪುಸ್ತಕ ಜೋಡಿಸಿದಳು, ಡಬ್ಬಿ ತುಂಬ ಚುರುಮುರಿ ಹಚ್ಚಿಟ್ಟಳು, ಗೇಟು ತೆರೆದಿಟ್ಟು ಕಾದಳು. ಮಕ್ಕಳು ಬಂದವು. ಗೇಟಿನ ಹೊರಗೆ ಸಾಲಾಗಿ ನಿಂತವು. ಕಣ್ಣರಳಿಸಿ ನೋಡಿದವು. ಹೋದವು! ಮರುದಿನವೂ ಅಷ್ಟೇ. ಚುರುಮುರಿ ಮೆತ್ತಗಾಯಿತು. ಇಡೀ ವಾರ ಅತ್ತೆ ಮಾಮಾ ಇಬ್ಬರೇ ತಿಂದರು.

ಶನಿವಾರ ಅರ್ಧ ದಿನದ ಸಾಲೆ. ನಾನೂ ಬೇಡಕಿಹಾಳಕ್ಕೆ ಬಂದಿದ್ದೆ. ಅತ್ತೆಗೆ ತಡೆಯಲಾಗಲಿಲ್ಲ, ಗೇಟಿಗೇ ಹೋಗಿ ಕೇಳಿದಳು, "ಯಾಕ್ರ್ಯೋ, ಒಳಗ ಬರ್ರಲ್ಲಾ?"

ಎರಡು ಜಡೆಯ ಒಂದು ಸಣ್ಣ ಹುಡುಗಿ ಕೈಕಟ್ಟಿ, ಪಾಠ ಒಪ್ಪಿಸುವ ದನಿಯಲ್ಲಿ ಹೇಳಿತು, "ನಾಯಿಕೊಡಿ ಮುಟ್ಟಬಾರದ್ರಿ ಅಕ್ಕೋರ. ಮುಟ್ಟಿದ ಕೈ ಬಾಯಾಗ ಹೋದ್ರ ಸಾಯ್ತಾರ್ರಿ. ನೀವಽ ಹೇಳೀರಿ!"

ಹೇಳದೆ ಏನು! ಅಂಗನವಾಡಿಯ ಹಿಂದೆ ಪ್ರತಿ ಮಳೆಗೂ ನಾಯಿಕೊಡೆ ಏಳುತ್ತಿದ್ದವು. ಮಕ್ಕಳು ಕಿತ್ತು ಬಾಯಿಗೆ ಹಾಕಿಯಾವು ಎಂದು ಅತ್ತೆಗೆ ಜೀವಭಯ. ಅದಕ್ಕೇ ವರ್ಷವೂ ಒಂದು ನಾಟಕ ಆಡುತ್ತಿದ್ದಳು. ನಾಯಿಕೊಡೆ ತಿಂದಂತೆ ನಟಿಸಿ, ನಾಲಿಗೆ ಹೊರಚಾಚಿ, ಚಾಪೆಯ ಮೇಲೆ ಧೊಪ್ಪನೆ ಬಿದ್ದು ಸಾಯುತ್ತಿದ್ದಳು. ಅವಳ ಸಾವು ನೋಡಲು ಪಕ್ಕದ ಓಣಿಯ ಹೆಂಗಸರೂ ಬರುತ್ತಿದ್ದರಂತೆ! ಅಷ್ಟು ಚೆನ್ನಾಗಿ ಕಲಿಸಿದ ಪಾಠವನ್ನು ಮಕ್ಕಳು ಅಷ್ಟೇ ಚೆನ್ನಾಗಿ ಕಲಿತಿದ್ದವು. ಇಡೀ ತಾಲ್ಲೂಕಿನಲ್ಲಿ ಇಂಥ ಟೀಚರೂ ಇರಲಿಕ್ಕಿಲ್ಲ, ತಾನು ಕಲಿಸಿದ್ದನ್ನು ಮಕ್ಕಳು ಮರೆಯಲಿ ಎಂದು ಬೇಡಿಕೊಂಡವಳೂ ಇರಲಿಕ್ಕಿಲ್ಲ.

"ಇದು ಸಿಮೆಂಟಿನ್ದವಾ, ಇದರಾಗ ವಿಷ ಇಲ್ಲ."

ಯಾರೂ ಕದಲಲಿಲ್ಲ.

"ನಾ ಮುಟ್ಟಿ ತೋರಿಸ್ತೀನಿ, ನೋಡ್ರಿ."

ಮುಟ್ಟಿದಳು. ಕದಲಲಿಲ್ಲ. ಆಗ ನಮ್ಮ ಅತ್ತೆ, ಉಳ್ಳಾಗಡ್ಡಿಯನ್ನೂ ಮುಟ್ಟದ ನಮ್ಮ ಅತ್ತೆ, ಬಗ್ಗಿ ಆ ಕೆಂಪು ಟೊಪ್ಪಿಗೆಯನ್ನು ಒಂದು ಸಲ ನೆಕ್ಕಿಬಿಟ್ಟಳು!

"ನೋಡಿದ್ರಿಲ್ಲ? ನಾ ಏನ್ ಸತ್ನೇನು?"

ಹುಡುಗಿ ಅವಳನ್ನು ಮೇಲಿಂದ ಕೆಳಗೆ ನೋಡಿತು. "ಇನ್ನೂ ಟೈಮ್ ಐತ್ರಿ ಅಕ್ಕೋರ," ಎಂದಿತು. "ರಾತ್ರಿ ಮಲಗಿದಾವರು ಮುಂಜಾನಿ ಏಳೂದಿಲ್ಲ ಅಂತ ನೀವಽ ಹೇಳೀರಿ."

ಮಕ್ಕಳೆಲ್ಲ ಓಟ ಕಿತ್ತವು. ನಾನು ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅತ್ತೆ ನಗಲಿಲ್ಲ. ಬಾಯಿ ಮುಕ್ಕಳಿಸಿ ಬಂದವಳು ಕೌದಿ ಝಾಡಿಸಿ ಮಡಚಿದಳು, ಪುಸ್ತಕಗಳನ್ನು ಎತ್ತಿ ಟ್ರಂಕಿನೊಳಗಿಟ್ಟಳು. "ನಾಳಿ ಚೀಲ ಇಟ್ಟಕೋರಿ," ಎಂದು ಮಾಮಾನಿಗೆ ಹೇಳಿ ಒಳಗೆ ಹೋದಳು. ಮಾಮಾ ಅಂಗಳದಲ್ಲಿ ನಿಂತೇ ಇದ್ದರು. ಗೆದ್ದ ಮಾತಿನಲ್ಲಿ ಅವರಿಗೆ ಒಂದಿಷ್ಟೂ ಸಂತೋಷ ಇರಲಿಲ್ಲ. "ಪೇಂಟ್ ನೆಕ್ಕ್ಯಾಳ, ಒಂದೀಟ ಮಜ್ಜಿಗಿ ಕೊಡು," ಎಂದಷ್ಟೇ ನನಗೆ ಹೇಳಿದರು.

ಮರುದಿನ ಭಾನುವಾರ. ಸೂರ್ಯನಿಗಿಂತ ಮೊದಲು ಏಳುವ ಅತ್ತೆ ಅಂದು ಏಳಲೇ ಇಲ್ಲ. ಬೇಜಾರಿಗೋ, ಮಜ್ಜಿಗೆಯ ಭಾರಕ್ಕೋ, ಮುಸುಕು ಹೊದ್ದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮಾಮಾ ಎಬ್ಬಿಸಬೇಡ ಎಂದು ಸನ್ನೆ ಮಾಡಿ ಹೊಲಕ್ಕೆ ಹೋದರು. ನಾನು ಹಿತ್ತಲಲ್ಲಿ ನೀರು ಕಾಯಿಸುತ್ತಿದ್ದೆ. ಮುಂದಿನ ಅಂಗಳದಲ್ಲಿ ಏನೋ ಗುಸುಗುಸು ಕೇಳಿ ಮನೆಯ ಮಗ್ಗುಲಿನಿಂದ ಬಂದು ನೋಡಿದೆ.

ರಜೆಯ ದಿನ, ಮುಖ ಕೂಡ ತೊಳೆಯದೆ, ಎಲ್ಲ ಮಕ್ಕಳೂ ಬಂದಿದ್ದವು. ಗೇಟಿನ ಹೊರಗಲ್ಲ, ಒಳಗೆ! ಹಾಕಿದ ಬಾಗಿಲು, ಗುಡಿಸದ ಅಂಗಳ, ಹಾಕದ ರಂಗೋಲಿ ನೋಡಿ ಒಂದರ ಮುಖ ಒಂದು ನೋಡುತ್ತಿದ್ದವು. ಎರಡು ಜಡೆಯ ಹುಡುಗಿಯ ಮುಖ ಅತ್ತು ಅತ್ತು ಊದಿಕೊಂಡಿತ್ತು. ಅದು ಸುತ್ತಲೂ ನೋಡಿತು. ಕಿಟಕಿ ಎತ್ತರ, ಕೈಗೆ ಎಟುಕುವುದಿಲ್ಲ. ಕಿಟಕಿಯ ಬುಡದಲ್ಲಿ ಇದ್ದದ್ದು ಒಂದು ಅಣಬೆ. ಹುಡುಗಿ ತಡಮಾಡಲಿಲ್ಲ. ಎರಡೂ ಕೈ ಊರಿ ಅದರ ಮೇಲೆ ಹತ್ತಿತು, ಬರಿಗಾಲು ಜಾರಿತು, ಮತ್ತೆ ಹತ್ತಿತು, ಕಿಟಕಿಯ ಸರಳು ಹಿಡಿದು ನಿಂತಿತು. ಉಳಿದವು ಜಾರಬಾರದೆಂದು ಅದರ ಕಾಲನ್ನೂ ಅಣಬೆಯನ್ನೂ ಸೇರಿಸಿ ಅವುಚಿ ಹಿಡಿದವು.

"ಅಕ್ಕೋರಽ," ಎಂದು ಕರೆಯಿತು. ಒಳಗೆ ಸದ್ದಿಲ್ಲ. ಹುಡುಗಿಯ ದನಿ ಒಡೆಯಿತು. "ಅಕ್ಕೋರ... ಅದೀರೇನ್ರೀ?"

ನಾನು ಹಿತ್ತಲ ಬಾಗಿಲಿನಿಂದ ಕೋಣೆಗೆ ಬರುವಷ್ಟರಲ್ಲಿ ಮುಸುಕು ಸರಿಯಿತು. ಅತ್ತೆ ಎದ್ದು ಕೂತಳು. ಕಿಟಕಿಯ ತುಂಬ ಆ ಅತ್ತ ಮುಖ, ಸರಳು ಹಿಡಿದ ಬೆರಳು. ಅತ್ತೆ ಎದ್ದು ಹೋಗಿ ಆ ಪುಟ್ಟ ಬೆರಳುಗಳ ಮೇಲೆ ತನ್ನ ಕೈಯಿಟ್ಟಳು.

"ಅದೀನವಾ," ಎಂದಳು. "ನಿಮ್ಮನ್ನ ಬಿಟ್ಟ ಎಲ್ಲಿ ಹೋಗ್ಲಿ?"