ಹನ್ನೆರಡು ಗೊಂಬೆ, ಒಬ್ಬ ಮೇಷ್ಟ್ರು

ಮನೆಯ ಯಜಮಾನನನ್ನು ಮನೆಯಲ್ಲೇ ಬಿಟ್ಟು ಮನೆಯ ಮೀನು ಬಿಸಿನೀರಿನ ಬುಗ್ಗೆಗೆ ಪ್ರವಾಸ ಹೊರಡುವುದು ಯಾವ ಊರಿನ ನ್ಯಾಯ? ಇದು ಇಸೊಗಾಯ್ ಮೇಷ್ಟ್ರು ಆ ವಾರವೆಲ್ಲ ಗೋಡೆಗೂ ಗಡಿಯಾರಕ್ಕೂ ಕೇಳುತ್ತಿದ್ದ ಪ್ರಶ್ನೆ. ಹಿಮೆಜಿಯ ಶಾಲೆಗಳಲ್ಲಿ ಮೂವತ್ತೆಂಟು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು ಅವರು. ಬಿಸಿನೀರಿನ ಬುಗ್ಗೆಗಳ ಊರಾದ ಕಿನೊಸಾಕಿಯ ಏಳು ಸ್ನಾನಗೃಹಗಳೂ ಅವರಿಗೆ ಬಾಯಿಪಾಠ. ಮೈ ಮಾತ್ರ ಒಂದರಲ್ಲೂ ನೆನೆದಿರಲಿಲ್ಲ.

ಮೀನೆಂದರೆ ಜೀವವಿರುವ ಮೀನಲ್ಲ. ಬೂದುಬಣ್ಣದ ಮೆತ್ತನೆಯ ಬಟ್ಟೆ, ಒಳಗೆ ಹತ್ತಿ, ಬಿಳಿ ಹೊಟ್ಟೆ, ನಾಲ್ಕು ಮೀಸೆ, ಈಗಷ್ಟೇ ನಿದ್ದೆಯಿಂದ ಎದ್ದಂಥ ಬಾಯಿ. ಹೆಸರು ನಮಾಬೊ. ನಾಲ್ಕು ವರ್ಷದ ಹಿಂದೆ ಈ ಬೆಕ್ಕುಮೀನಿನ ಗೊಂಬೆಗಾಗಿ ಇಡೀ ದೇಶವೇ ಹುಚ್ಚೆದ್ದಿತ್ತು. ಬ್ಯಾಂಕಿನ ಗುಮಾಸ್ತರ ಚೀಲದಲ್ಲಿ ನಮಾಬೊ, ದಂತವೈದ್ಯರ ಮೇಜಿನ ಮೇಲೆ ನಮಾಬೊ. ತಲೆಗೊಂದೇ ಗೊಂಬೆ ಎಂದು ಅಂಗಡಿಯವರು ನಿಯಮ ಮಾಡಿದ ಮೇಲೆ ಎದ್ದು ನಿಲ್ಲಲಾಗದ ಅತ್ತೆಯಂದಿರನ್ನೂ ಗಾಲಿಕುರ್ಚಿಯಲ್ಲಿ ತಂದು ಸಾಲಿನಲ್ಲಿ ಕೂರಿಸಿದರು. ಮೇಷ್ಟ್ರೂ ಬೆಳಗಿನ ಚಳಿಯಲ್ಲಿ ಮೂರು ಸಲ ನಿಂತಿದ್ದರು. (ಯಾರಾದರೂ ಹಳೆಯ ವಿದ್ಯಾರ್ಥಿಗಳು ಕಂಡಾರೆಂದು ಮೂರು ಸಲವೂ ಮೂಗಿನ ತನಕ ಮುಖಗವಸು ಏರಿಸಿಕೊಂಡಿದ್ದರು. ಮುಂದೆ ನಿಂತವನು ತಿರುಗಿ, "ನಮಸ್ಕಾರ ಸಾರ್" ಎಂದನಂತೆ.)

"ಇದು ಎರಡು ವರ್ಷದ ಜ್ವರ. ಆಮೇಲೆ ಒಂದು ನಾಯಿಯೂ ಮೂಸಲ್ಲ" ಎಂದು ಮೇಷ್ಟ್ರು ಆಗಲೇ ಭವಿಷ್ಯ ನುಡಿದಿದ್ದರು. ಅದು ಅಕ್ಷರಶಃ ನಿಜವಾಯಿತು. ಮೂರನೆಯ ವರ್ಷ ನಮಾಬೊಗಳು ಹಳೆಯ ಸಾಮಾನಿನ ಅಂಗಡಿಗಳ ಬಾಗಿಲಲ್ಲಿ ಮೂಟೆಯಾಗಿ ಬಿದ್ದವು. ಮೇಷ್ಟ್ರು ಗೆದ್ದ ಮುಖದಿಂದ ಹೆಂಡತಿಯನ್ನು ಕರೆದುಕೊಂಡು ಹೋಗಿ ಮೂಟೆ ತೋರಿಸಿದರು. ಯಸುಯೊ ನೋಡಿದಳು, ಮೇಲಿದ್ದ ಒಂದರ ಮೀಸೆ ನೇರಮಾಡಿದಳು, ಮನೆಗೆ ಬಂದು ತನ್ನ ನಮಾಬೊವಿನ ಕೆಳಗೆ ಇನ್ನೊಂದು ದಿಂಬು ಇಟ್ಟಳು. "ಊರೆಲ್ಲ ಬಿಟ್ಟ ಮೇಲೇನೇ ಇವನು ನಮ್ಮವನಾಗಿದ್ದು" ಎಂದಳು. ಗೆದ್ದದ್ದು ಯಾರು ಎಂಬುದು ಮೇಷ್ಟ್ರಿಗೆ ಅಂದಿನಿಂದ ಸ್ವಲ್ಪ ಗೊಂದಲವಾಗಿಯೇ ಇತ್ತು.

ಈಗ ಈ ಪ್ರವಾಸ. ಯಸುಯೊಳ ಗೆಳತಿ ತೊಮೊದಾ ಎಂಬಾಕೆ ಗೊಂಬೆಗಳನ್ನು ಪ್ರವಾಸಕ್ಕೆ ಕರೆದೊಯ್ಯುವ ಉದ್ಯೋಗ ಮಾಡುತ್ತಿದ್ದರು. ಒಡೆಯರು ಮನೆಯಲ್ಲೇ ಇರುತ್ತಾರೆ. ಗೊಂಬೆ ಮಾತ್ರ ಹೋಗಿ, ಊರು ನೋಡಿ, ಫೋಟೊ ಹಿಡಿಸಿಕೊಂಡು ಬರುತ್ತದೆ. ಕೇಳಿದೊಡನೆ ಮೇಷ್ಟ್ರು ತಿನ್ನುತ್ತಿದ್ದ ಅನ್ನದ ಬಟ್ಟಲನ್ನು ಕೆಳಗಿಟ್ಟರು. ಮೂರು ವರ್ಷದಿಂದ ಕಿನೊಸಾಕಿಗೆ ಹೋಗೋಣ ಎಂದು ತಾವು ಗೋಗರೆದದ್ದು ಕಿವಿಗೆ ಬೀಳಲಿಲ್ಲವೇ ಎಂದು ಕೇಳಿದರು.

"ನಿಮಗೆ ರೈಲಲ್ಲಿ ಕೂತ್ರೆ ಸೊಂಟನೋವು, ಬಿಸಿನೀರಿಗೆ ಇಳಿದ್ರೆ ತಲೆಸುತ್ತು, ಏಡಿ ತಿಂದ್ರೆ ತುರಿಕೆ" ಎಂದಳು ಯಸುಯೊ. "ಅವನಿಗೆ ಅದೇನೂ ಇಲ್ಲ ರೀ."

ಹೊರಡುವುದಕ್ಕೆ ಎರಡು ದಿನವಿದ್ದಾಗ ತೊಮೊದಾ ಮೆಟ್ಟಿಲಿನಲ್ಲಿ ಕಾಲು ಉಳುಕಿಸಿಕೊಂಡರು. ನಮಾಬೊ ಬಿಟ್ಟು ಉಳಿದ ಹನ್ನೊಂದು ಗೊಂಬೆಗಳು ಆಗಲೇ ಊರೂರಿನಿಂದ ಅಂಚೆಯಲ್ಲಿ ಬಂದು ಕುಳಿತಿದ್ದವು. ಯಸುಯೊ ಫೋನಿನಲ್ಲಿ ಲೊಚಗುಟ್ಟುವುದನ್ನು ಕೇಳಿ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಮೂವತ್ತೊಂದು ಶಾಲಾ ಪ್ರವಾಸ ನಡೆಸಿದವನು ತಾನು. ಒಂದು ಮಗುವನ್ನೂ ಕಳೆದವನಲ್ಲ. ಹತ್ತಿ ತುಂಬಿದ ಹನ್ನೆರಡು ಮೂಕಪ್ರಾಣಿಗಳು ಯಾವ ಲೆಕ್ಕ ಎಂದರು. ಮನಸ್ಸಿನಲ್ಲಿದ್ದದ್ದು ಬೇರೆ. ಗೊಂಬೆಗಳನ್ನು ಒಂದು ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ಒಂದು ಫೋಟೊ ಹೊಡೆದು, ಉಳಿದ ಹೊತ್ತೆಲ್ಲ ಏಳೂ ಸ್ನಾನಗೃಹಗಳಲ್ಲಿ ಕುತ್ತಿಗೆಯ ತನಕ ಮುಳುಗಿ ಕೂರುವುದು.

ಯಸುಯೊ ಗಂಡನ ಮುಖ ನೋಡಿ, "ನಮಾಬೊ ಜೋಪಾನ" ಎಂದಳು. ಅಷ್ಟೇ. ಆದರೆ ಮೇಷ್ಟ್ರಿಗೆ ಆ ಎರಡು ಮಾತು ಸಾಕಾಗಿತ್ತು. ಅಂಗಡಿಯಲ್ಲಿ ನಲವತ್ತು ನಮಾಬೊಗಳನ್ನು ಸಾಲಾಗಿ ಇಡಿಸಿ, ಕಣ್ಣಿನಿಂದ ಕಣ್ಣಿಗಿರುವ ಅಂತರ ನೋಡಿ, ಬಾಯಿಯ ಹೊಲಿಗೆ ನೋಡಿ, ಕೊನೆಗೆ ಒಂದನ್ನು ಎತ್ತಿಕೊಂಡವಳು ಅವಳು. "ಎಲ್ಲಾ ಒಂದೇ ಯಂತ್ರದಿಂದ ಬಂದದ್ದು ಕಣೇ" ಎಂದು ಮೇಷ್ಟ್ರು ಅಂದು ಹೇಳಿದ್ದಕ್ಕೆ, ಅಂಗಡಿಯಲ್ಲಿದ್ದ ಹೆಂಗಸರೆಲ್ಲ ತಿರುಗಿ ಅವರನ್ನು ನೋಡಿದ ನೋಟ ಇನ್ನೂ ಮರೆತಿರಲಿಲ್ಲ.

ತೊಮೊದಾ ಕೊಟ್ಟಿದ್ದ ಪ್ರವಾಸದ ಕೈಪಿಡಿಯನ್ನು ಮೇಷ್ಟ್ರು ರೈಲು ಹತ್ತಿದ ಮೇಲೆ ಬಿಚ್ಚಿದರು. ಪ್ರತಿಯೊಂದು ಗೊಂಬೆಯ ಜೊತೆ ಒಡೆಯರ ಕಾಗದವಿತ್ತು. ಒಂದು ಮೊಲಕ್ಕೆ ಸುರಂಗವೆಂದರೆ ಭಯ, ದಯವಿಟ್ಟು ಕೈ ಹಿಡಿದುಕೊಳ್ಳಿ ಎಂದು ಬರೆದವರು ಒಬ್ಬ ಶಸ್ತ್ರವೈದ್ಯರು. ಕಿವಿ ಜೋತುಬಿದ್ದ ಹಳೆಯ ಪಾಂಡಾದ ಕಾಗದ ನಡುಗುವ ಅಕ್ಷರದಲ್ಲಿತ್ತು: ಐವತ್ತು ವರ್ಷದ ಹಿಂದೆ ಪಾಂಡಾ ಹುಚ್ಚು ಹಿಡಿದಿದ್ದ ಕಾಲದಲ್ಲಿ ನಮ್ಮವರು ಸಂಬಳದ ದಿನ ಸಾಲಿನಲ್ಲಿ ನಿಂತು ತಂದದ್ದು, ನನಗೀಗ ಮೆಟ್ಟಿಲು ಹತ್ತಲಾಗುವುದಿಲ್ಲ, ಅವನಾದರೂ ಸೇತುವೆಯ ಮೇಲಿಂದ ನೀರು ನೋಡಲಿ. ಉಳಿದವೂ ಅಂಥವೇ: ಒಂದೊಂದೂ ಒಂದೊಂದು ಕಾಲದ ಹುಚ್ಚು. ಲಕ್ಷಗಟ್ಟಲೆ ಜನ ಮರೆತಿದ್ದರೂ ಒಬ್ಬರು ಮರೆತಿಲ್ಲ.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಮೊದಲ ಸುರಂಗ ಬಂದಾಗ ಅತ್ತ ಇತ್ತ ನೋಡಿ ಮೊಲದ ಕೈ ಹಿಡಿದುಕೊಂಡರು. ಎರಡನೆಯದಕ್ಕೆ ಅತ್ತ ಇತ್ತ ನೋಡಲಿಲ್ಲ.

ಸ್ನಾನದ ಯೋಜನೆ ಊರಿಗೆ ಕಾಲಿಟ್ಟ ಕೂಡಲೇ ಮಣ್ಣುಪಾಲಾಯಿತು. ಬೆಂಚಿನ ಮೇಲೆ ಒಟ್ಟಿಗೆ ಕೂರಿಸಿ ಫೋಟೊ ಹೊಡೆದರೆ ಪಾಂಡಾದ ಮುಖ ನೀರಿನ ಕಡೆ ಇರುವುದಿಲ್ಲ. ಹಾಗಾಗಿ ಒಂದೊಂದನ್ನೇ ಸೇತುವೆಯ ಕಲ್ಲಿನ ಮೇಲೆ ಎತ್ತಿ ಹಿಡಿದರು. ಒಂದು ಕೈಯಲ್ಲಿ ಗೊಂಬೆ, ಇನ್ನೊಂದರಲ್ಲಿ ಕ್ಯಾಮೆರಾ, ಬಾಯಲ್ಲಿ ಕೈಪಿಡಿ. ಏಳು ಸ್ನಾನಗೃಹಗಳ ಬಾಗಿಲಿಗೆ ಇಳಿಬಿಟ್ಟ ಏಳು ಪರದೆಗಳನ್ನು ಹೊರಗಿನಿಂದಲೇ ದರ್ಶನ ಮಾಡಿದರು. ಮಧ್ಯಾಹ್ನ ಎರಡಕ್ಕೆ ಬೀದಿಯಲ್ಲಿರುವ ಕಾಲು ನೆನೆಸುವ ಕೊಳಕ್ಕೆ ಬಂದರು.

ಇಲ್ಲಿ ಕೈಪಿಡಿಯ ನಾಲ್ಕನೆಯ ಪುಟ ಬಹಳ ಕಟ್ಟುನಿಟ್ಟಾಗಿತ್ತು. ಗೊಂಬೆಗಳು ನೀರಿಗೆ ಇಳಿಯಬಾರದು, ಅಂಚಿನಲ್ಲಿ ಟವೆಲಿನ ಮೇಲೆ ಕೂರಬೇಕು. ಆದರೆ ಸ್ನಾನದ ಚಿತ್ರವಾದ್ದರಿಂದ ಬಟ್ಟೆ ತೊಟ್ಟಿರಬಾರದು. ಬಟ್ಟೆ ತೊಟ್ಟು ಸ್ನಾನಕ್ಕೆ ಬರುವುದು ಎಲ್ಲಿಯ ಮರ್ಯಾದೆ? ಮೇಷ್ಟ್ರಿಗೆ ಇದು ಸಂಪೂರ್ಣ ಒಪ್ಪಿಗೆಯಾಯಿತು. ಮೊಲದ ಕೋಟು, ಪಾಂಡಾದ ನಡುವಂಗಿ, ನಮಾಬೊವಿಗೆ ಯಸುಯೊ ಹೆಣೆದಿದ್ದ ಉಣ್ಣೆಯ ಹೊಟ್ಟೆಪಟ್ಟಿ, ಎಲ್ಲವನ್ನೂ ಬಿಚ್ಚಿ ಮಡಿಸಿ, ಬುಗ್ಗೆಯಲ್ಲಿ ಕೂರುವವರ ರೂಢಿಯಂತೆ ಪ್ರತಿಯೊಬ್ಬರ ತಲೆಯ ಮೇಲೂ ಚೌಕವಾಗಿ ಮಡಿಸಿದ ಪುಟ್ಟ ಟವೆಲು ಇಟ್ಟು, ಫೋಟೊ ಹೊಡೆದರು. ರೈಲಿಗೆ ಹೊತ್ತಾಯಿತೆಂದು ಅಂಚಿನಲ್ಲಿ ತಲೆಯ ಮೇಲೆ ಟವೆಲು ಇಟ್ಟುಕೊಂಡು ಕುಳಿತಿದ್ದವರನ್ನೆಲ್ಲ ಒಂದೇ ಸಲಕ್ಕೆ ಬಾಚಿ ಬುಟ್ಟಿಗೆ ತುಂಬಿದರು.

ಶಾಲಾ ಪ್ರವಾಸದ ಶಿಸ್ತಿನಂತೆ ನಿಲ್ದಾಣದಲ್ಲಿ ಇಪ್ಪತ್ತು ನಿಮಿಷ ಮುಂಚೆ ಹಾಜರಿ ತೆಗೆದರು. ಹದಿಮೂರು.

ಇನ್ನೊಮ್ಮೆ ಎಣಿಸಿದರು. ಹದಿಮೂರು. ನಲವತ್ತು ಮಕ್ಕಳು ಮೂವತ್ತೊಂಬತ್ತಾಗಿ ಎದೆ ಒಡೆದದ್ದು ಅವರ ಅನುಭವದಲ್ಲಿತ್ತು. ಮಕ್ಕಳು ಹೆಚ್ಚಾದದ್ದು ಇದೇ ಮೊದಲು. ಬುಟ್ಟಿಯೊಳಗೆ ಇಬ್ಬರು ನಮಾಬೊಗಳು, ಇಬ್ಬರೂ ಬೆತ್ತಲೆ, ಅದೇ ಕಣ್ಣು, ಅದೇ ಬಾಯಿ, ಮೇಷ್ಟ್ರನ್ನೇ ನೋಡುತ್ತಿದ್ದರು. ಯಾರೋ ಪಕ್ಕದಲ್ಲಿ ತಮ್ಮ ಗೊಂಬೆಯನ್ನೂ ಸ್ನಾನಕ್ಕೆ ಕೂರಿಸಿದ್ದಿರಬೇಕು.

ಮೇಷ್ಟ್ರು ಗಾಬರಿಯಾಗಲಿಲ್ಲ. ತಮ್ಮ ಮನೆಯ ಮೀನಿಗೆ ಒಂದು ಗುರುತಿದೆಯೆಂಬುದು ಈ ಪ್ರಪಂಚದಲ್ಲಿ ಅವರೊಬ್ಬರಿಗೆ ಗೊತ್ತಿತ್ತು. ಮೇ ತಿಂಗಳ ರಜೆಯಲ್ಲಿ ಯಸುಯೊ ಮನೆಯಲ್ಲಿಲ್ಲದಾಗ ತೋಫು ತಿನ್ನುತ್ತಾ ಅದರ ಬಿಳಿಹೊಟ್ಟೆಯ ಮೇಲೆ ಸೋಯಾ ಸಾಸು ಚೆಲ್ಲಿದ್ದರು; ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಕಲೆಯನ್ನು ಇನ್ನೂ ಅಗಲ ಮಾಡಿದ್ದರು. ಅವಳು ನೋಡುವ ಮುನ್ನವೇ ಅದೃಷ್ಟವಶಾತ್ ಅವಳೇ ಹೊಟ್ಟೆಪಟ್ಟಿ ಹೆಣೆದು ತೊಡಿಸಿದಳು. ದೇವರು ದೊಡ್ಡವನೆಂದು ಅಂದು ಕೈಮುಗಿದಿದ್ದರು.

ಎರಡೂ ಮೀನುಗಳನ್ನು ಅಂಗಾತ ಮಾಡಿದರು. ಎರಡರ ಹೊಟ್ಟೆಯ ಮೇಲೂ ಕಂದು ಕಲೆಯಿತ್ತು. ಈಗ ಗಾಬರಿಯಾದರು.

ಅಷ್ಟರಲ್ಲಿ ರಬ್ಬರು ಬೂಟು ತೊಟ್ಟ, ಕುತ್ತಿಗೆಗೆ ಟವೆಲು ಸುತ್ತಿದ, ಕಪಾಟಿನಷ್ಟು ಅಗಲದ ಮನುಷ್ಯನೊಬ್ಬ ಏದುಸಿರು ಬಿಡುತ್ತಾ ಓಡಿಬಂದ. ಕೈಯಲ್ಲಿ ಬುಗ್ಗೆಯ ನೀರಿನಲ್ಲಿ ಬೇಯಿಸಿದ ಮೊಟ್ಟೆಗಳ ಬಲೆಚೀಲ. ಹೆಸರು ಕಾವಾಜಿರಿ, ಮೀನಿನ ಲಾರಿ ಓಡಿಸುವವನು. ಹೆಂಡತಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿತ್ತು. ತಾನು ಬರಲಾಗದ ಕಡೆಗೆಲ್ಲ ನಮಾಬೊವನ್ನು ಕರೆದೊಯ್ಯಬೇಕೆಂದು ಅಪ್ಪಣೆ ಮಾಡಿದ್ದಳು. ಮೊಟ್ಟೆ ಕೊಳ್ಳಲು ಎರಡು ನಿಮಿಷ ಹೋಗಿದ್ದನಷ್ಟೆ.

ಮೇಷ್ಟ್ರು ತಲೆ ಬಾಗಿಸಿ ಕ್ಷಮೆ ಕೇಳಿ, ನಿಮ್ಮದು ಯಾವುದೋ ತೆಗೆದುಕೊಳ್ಳಿ ಎಂದರು. ಕಾವಾಜಿರಿ ಎರಡನ್ನೂ ನೋಡಿದ. ಮತ್ತೆ ನೋಡಿದ. ಅವನ ಹಣೆಯಲ್ಲಿ ಬೆವರೊಡೆಯಿತು.

"ನಮ್ಮವಳಾಗಿದ್ರೆ ಹತ್ತು ಮಾರು ದೂರದಿಂದ ಹೇಳ್ತಿದ್ಲು ಸಾರ್."

"ನಮ್ಮವಳು ಹಿಂದಿನಿಂದ ನೋಡಿಯೇ ಹೇಳ್ತಾಳೆ" ಎಂದರು ಮೇಷ್ಟ್ರು.

ಇಬ್ಬರೂ ಬೆಂಚಿನ ಮೇಲೆ ಕುಳಿತರು. ಕಾವಾಜಿರಿ ದನಿ ತಗ್ಗಿಸಿ, ತಿರುವಿನಲ್ಲಿ ಬ್ರೇಕು ಹಾಕಿದಾಗ ತನ್ನ ಗೊಂಬೆಯ ಮೇಲೆ ಕಾಫಿ ಬಿದ್ದಿತ್ತೆಂದೂ, ಮನೆಯಲ್ಲಿ ಇನ್ನೂ ಹೇಳಿಲ್ಲವೆಂದೂ ಒಪ್ಪಿಕೊಂಡ. ಮೇಷ್ಟ್ರು ತಮ್ಮ ಸೋಯಾ ಸಾಸಿನ ವಿಷಯ ತಿಳಿಸಿದರು. ಅಪರಾಧಿಗಳು ಕೈಕುಲುಕಲಿಲ್ಲ, ಅಷ್ಟೇ. ಬಳಿಕ ಇಬ್ಬರೂ ಒಂದೊಂದು ಗೊಂಬೆಯ ಹೊಟ್ಟೆಗೆ ಮೂಗು ಒತ್ತಿ ಆಘ್ರಾಣಿಸಿದರು. ಅದಲುಬದಲು ಮಾಡಿಕೊಂಡು ಮತ್ತೆ ಆಘ್ರಾಣಿಸಿದರು. ಟಿಕೆಟು ನೋಡುವ ಹೆಂಗಸು ತನ್ನ ಕಿಟಕಿಯನ್ನು ಮೆಲ್ಲಗೆ ಮುಚ್ಚಿಕೊಂಡಳು. ಎರಡು ಹೊಟ್ಟೆಗಳಿಂದಲೂ ಬರುತ್ತಿದ್ದದ್ದು ಬುಗ್ಗೆಯ ನೀರಿನ ವಾಸನೆ.

ರೈಲು ದೂರದಲ್ಲಿ ಕಾಣಿಸಿತು. ಮೇಷ್ಟ್ರು ಕನ್ನಡಕ ಹಣೆಗೇರಿಸಿ, ಒಂದು ಗೊಂಬೆಯನ್ನು ಅಂದು ಉಜ್ಜುವಾಗ ಹಿಡಿದಿದ್ದಂತೆ ತಲೆಕೆಳಗಾಗಿ ಹಿಡಿದರು. ಕಲೆಯಲ್ಲಿ ದಕ್ಷಿಣಕ್ಕೆ ಚಾಚಿಕೊಂಡ ಎರಡು ಭೂಶಿರಗಳು. ನಡುವೆ ಬಿಲ್ಲಿನಂತೆ ಬಾಗಿದ ಕೊಲ್ಲಿ. ಪಶ್ಚಿಮದಲ್ಲಿ ಕಡ್ಡಿಯಂತೆ ತೆಳ್ಳಗಿನ ಒಂದು ಚಾಚು. ಮೂವತ್ತೆಂಟು ವರ್ಷ ಕಪ್ಪುಹಲಗೆಯ ಮೇಲೆ ಕಣ್ಣುಮುಚ್ಚಿ ಬರೆದ ದ್ವೀಪದ ನಕ್ಷೆ.

"ಶಿಕೊಕು" ಎಂದರು ಮೇಷ್ಟ್ರು.

ಕಾವಾಜಿರಿ ಬಗ್ಗಿ ನೋಡಿ, ಗಂಭೀರವಾಗಿ ತಲೆಯಾಡಿಸಿದ. "ಶಿಕೊಕು ನಾನು ಚೆಲ್ಲಿಲ್ಲ ಸಾರ್" ಎಂದು ತನ್ನ ಮೀನನ್ನು ಎದೆಗವಚಿಕೊಂಡು, ನಾಲ್ಕು ಮೊಟ್ಟೆಗಳನ್ನು ಮೇಷ್ಟ್ರ ಕೈಗೆ ತುರುಕಿದ.

ಮನೆಗೆ ಬಂದಾಗ ತೊಮೊದಾ ಕಾಲಿಗೆ ಪಟ್ಟಿ ಸುತ್ತಿಕೊಂಡು ಕಾದು ಕುಳಿತಿದ್ದರು. ಹೆಂಗಸರಿಬ್ಬರೂ ಫೋಟೊಗಳನ್ನು ನೋಡಿ ಬಾಯಿತುಂಬ ಹೊಗಳಿದರು. ಪಾಂಡಾ ನೀರು ನೋಡುತ್ತಿರುವ ಚಿತ್ರವನ್ನು ತೊಮೊದಾ ಮತ್ತೆ ಮತ್ತೆ ನೋಡಿದರು. ಅರವತ್ತು ಚಿತ್ರಗಳಲ್ಲಿ ಮೇಷ್ಟ್ರದೆಂದು ಇದ್ದದ್ದು ಒಂದು ಹೆಬ್ಬೆರಳು ಮಾತ್ರ. ಆದರೂ ಅವರು ಉಬ್ಬಿಹೋಗಿದ್ದರು. ಉಬ್ಬಿದ ಮನುಷ್ಯ ಸುಮ್ಮನಿರಲಾರ. ಎರಡು ನಮಾಬೊಗಳು ಬೆರೆತದ್ದು, ಲಾರಿಯವನು ಕಂಗಾಲಾದದ್ದು, ತಾವು ಒಂದೇ ನೋಟಕ್ಕೆ ಮನೆಯ ಮೀನನ್ನು ಪತ್ತೆಹಚ್ಚಿದ್ದು, ಎಲ್ಲವನ್ನೂ ಬಣ್ಣಕಟ್ಟಿ ಹೇಳಿದರು. ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಯಸುಯೊ ಗಂಡನನ್ನು ಮೆಚ್ಚುಗೆಯಿಂದ ನೋಡಿದಳು.

"ಮುಖ ನೋಡಿ ಗುರುತು ಹಿಡಿದ್ರಾ?"

"ಮುಖ ಯಾಕೆ? ಹೊಟ್ಟೆಯ ಮೇಲೆ ಶಿಕೊಕು ಅಷ್ಟು ಸ್ಪಷ್ಟವಾಗಿ..." ಎಂದು ಮೇಷ್ಟ್ರು ಅರ್ಧಕ್ಕೇ ನಿಲ್ಲಿಸಿದರು.

ತೊಮೊದಾ ತಮ್ಮ ಕಾಲಿನ ಪಟ್ಟಿಯನ್ನು ಪರೀಕ್ಷಿಸತೊಡಗಿದರು. ಯಸುಯೊ ಚಹಾ ಸುರಿಯುತ್ತಿದ್ದ ಕೈಯನ್ನು ನಿಲ್ಲಿಸಲಿಲ್ಲ.

"ರೀ, ಮೇ ತಿಂಗಳ ಸೆಕೆಯಲ್ಲಿ ಯಾರಾದ್ರೂ ಉಣ್ಣೆಯ ಹೊಟ್ಟೆಪಟ್ಟಿ ಹೆಣೀತಾರಾ?"

ಮೇಷ್ಟ್ರು ಚಹಾದ ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡರು.

"ಮೂರು ದಿನ ಊಟಕ್ಕೆ ಕೂತಾಗೆಲ್ಲ ಅವನ ಕಡೆ ಬೆನ್ನು ಮಾಡಿ ಕೂರ್ತಿದ್ರಿ. ಗೋಡೆ ನೋಡ್ಕೊಂಡು ತಿಂತಿದ್ರಿ. ನೋಡಕ್ಕಾಗ್ಲಿಲ್ಲ, ಪಾಪ ಅನ್ನಿಸ್ತು. ಹೆಣೆದೆ."

"ಪಾಪ ಅನ್ನಿಸಿದ್ದು ಯಾರ ಮೇಲೆ?" ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು.

ಯಸುಯೊ ನಮಾಬೊವಿಗೆ ಹೊಟ್ಟೆಪಟ್ಟಿಯನ್ನು ತೊಡಿಸಿ, ಮೀಸೆ ನೇರಮಾಡಿ, ಅವನ ದಿಂಬಿನ ಮೇಲೆ ಕೂರಿಸಿದಳು.

"ಮೀನಿನ ಮೇಲೆ ಅಂದ್ಕೊಳ್ಳಿ" ಎಂದಳು.