ಫ್ರಾನ್ಸಿನ ಜಲ್ಲಿ ದಾರಿಯೂ ನಾನು ಹೊಡೆದ ಸೈಕಲ್ಲೂ

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ಹೊತ್ತಿಗೆ ಗಂಡಸಿನ ಹತ್ತಿರ ಹೆಂಡತಿಗೆ ಗೊತ್ತಿಲ್ಲದ ಗುಟ್ಟು ಅಂತ ಏನೂ ಉಳಿದಿರುವುದಿಲ್ಲ. ಫೋನಿನ ಪಾಸ್‌ವರ್ಡಿನಿಂದ ಹಿಡಿದು ಗೊರಕೆಯ ಶ್ರುತಿಯವರೆಗೆ ಎಲ್ಲವೂ ಆಕೆಗೆ ಕಂಠಪಾಠ. ನನ್ನ ಹತ್ತಿರ ಮಾತ್ರ ಒಂದು ಉಳಿದಿತ್ತು. ಅದೇನು ಘನಂದಾರಿ ಗುಟ್ಟಲ್ಲ: ನನಗೆ ಸೈಕಲ್ ಬರುವುದಿಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದವನಿಗೆ ಸೈಕಲ್ ಬರುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ, ಹಾಗಾಗಿ ಯಾರೂ ಕೇಳುವುದೂ ಇಲ್ಲ. ಎಂಟನೇ ವಯಸ್ಸಿನಲ್ಲಿ ಬಾಡಿಗೆ ಸೈಕಲ್ ಹತ್ತಿ ನೇರವಾಗಿ ಮೊಸರು ಮಾರುವವಳ ಬುಟ್ಟಿಗೆ ನುಗ್ಗಿದ್ದೆ. ಅವಳು ಬೈದದ್ದರಲ್ಲಿ ಅರ್ಧ ಆಗ ಅರ್ಥವಾಗಲಿಲ್ಲ. ದೊಡ್ಡವನಾಗಿ ಅರ್ಥವಾದ ಮೇಲೆ ಸೈಕಲ್ ತಂಟೆಗೇ ಹೋಗಲಿಲ್ಲ.

ಈಗ ನ್ಯೂಯಾರ್ಕಿಗೆ ಹತ್ತಿರದ ಪಾರ್ಸಿಪನಿಯಲ್ಲಿ ಮನೆ, ಬ್ರಿಡ್ಜ್‌ವಾಟರಿನಲ್ಲಿ ಆಫೀಸು. ಇಲ್ಲಿ ಹಾಲು ತರುವುದಕ್ಕೂ ಕಾರೇ ಬೇಕು, ಆದ್ದರಿಂದ ನನ್ನ ಗುಟ್ಟು ಭದ್ರವಾಗಿತ್ತು. ಅದಕ್ಕೆ ಕೊಳ್ಳಿ ಇಟ್ಟವಳು ನನ್ನ ಮಗಳು ಮೇಘನಾ. ನ್ಯೂಯಾರ್ಕಿನಲ್ಲಿ ಕೆಲಸ ಮಾಡುವ ಅವಳು ಒಂದು ಭಾನುವಾರ ಬಂದು, ನಮ್ಮ ಇಪ್ಪತ್ತೈದನೇ ವರ್ಷಕ್ಕೆ ಉಡುಗೊರೆ ಎಂದು ಒಂದು ಪ್ರಿಂಟೌಟನ್ನು ಊಟದ ಮೇಜಿನ ಮೇಲೆ ಇಟ್ಟಳು. ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಆರು ದಿನ, ಟ್ರಾಫಿಕ್ಕೇ ಇಲ್ಲದ ದಾರಿಗಳಲ್ಲಿ ಗ್ರಾವೆಲ್ ಬೈಕಿಂಗು, ಎಂದರೆ ಸೈಕಲ್ ಸವಾರಿ.

"ಗ್ರಾವೆಲ್ ಅಂದ್ರೆ ಜಲ್ಲಿ ಅಲ್ವೇನೇ?" ಎಂದೆ. "ಟಾರು ಹಾಕೋಕೆ ದುಡ್ಡಿಲ್ವಂತಾ ಫ್ರಾನ್ಸಿನೋರಿಗೆ?"

"ಅಪ್ಪಾ, ದಟ್ಸ್ ದ ಹೋಲ್ ಪಾಯಿಂಟ್," ಎಂದಳು. ಆ ಪಾಯಿಂಟು ಏನೆಂದು ನನಗೆ ಇವತ್ತಿನವರೆಗೂ ತಿಳಿದಿಲ್ಲ. ಮೈಸೂರಿನ ನಮ್ಮ ಬೀದಿಯಲ್ಲಿ ಜಲ್ಲಿ ಸುರಿದು ಕಂಟ್ರಾಕ್ಟರ್ ನಾಪತ್ತೆಯಾದಾಗ ಸೈಕಲ್ ಬರುವವರೂ ಇಳಿದು ತಳ್ಳಿಕೊಂಡು, ಮುನಿಸಿಪಾಲಿಟಿಗೆ ಶಾಪ ಹಾಕುತ್ತ ಹೋಗುತ್ತಿದ್ದರು. ಆ ಸುಖಕ್ಕೆ ಈಗ ವಿಮಾನ ಹತ್ತಿ ಹೋಗಬೇಕಂತೆ.

ನನ್ನ ಹೆಂಡತಿ ಸುನಂದಾ ಧಾರವಾಡದವಳು. ಕಾಲೇಜಿಗೆ ದಿನಾ ಸೈಕಲ್ಲಿನಲ್ಲೇ ಹೋಗಿ ಬಂದವಳು. ಕಾಗದ ಓದಿ ಅವಳ ಮುಖ ಇಷ್ಟಗಲವಾಯಿತು. "ಖಡಿ ರಸ್ತಾದ ಮ್ಯಾಲೆ ಸೈಕಲ್ ಹೊಡೀಲಿಕ್ಕೆ ಭಾಳ ಮಜಾ ಬರ್ತದ್ರೀ!" ಎಂದಳು. ಧಾರವಾಡದಲ್ಲಿ ಜಲ್ಲಿಗೆ ಖಡಿ ಎನ್ನುತ್ತಾರೆಂದು ನಾನು ಕಲಿತದ್ದು ಮದುವೆಯಾಗಿ ಬಹಳ ವರ್ಷದ ಮೇಲೆ. ನನ್ನ ಮೈಸೂರು ಕಿವಿಗೆ ಕಡಿಯುವುದು ನಾಯಿಯ ಕೆಲಸ. ಅವಳು ಮುಂದುವರಿದು, "ನೀವಂತೂ ಹಳೇ ಹುಲಿ, ದಿನಾ ಎಂಟು ಮೈಲಿ ಹೊಡದವರು!" ಎಂದಳು. ನಾನು ಸಾರನ್ನವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕಲಸಿದೆ.

ಆ ಎಂಟು ಮೈಲಿಯ ಕಥೆ ಹೇಳಿಬಿಡಬೇಕು. ಹೆಣ್ಣು ನೋಡಲು ಧಾರವಾಡಕ್ಕೆ ಹೋದಾಗ ನನಗೆ ಕೆಲಸ ಸಿಕ್ಕಿ ಬರೀ ಮೂರು ತಿಂಗಳಾಗಿತ್ತು. ಅದಕ್ಕೆ ಮುಂಚೆ ಎರಡು ವರ್ಷ ಬೆಂಗಳೂರಿನಲ್ಲಿ ಕೆಲಸವಿಲ್ಲದೆ ಅಲೆದಿದ್ದೆ. ಬಯೋಡೇಟಾದಲ್ಲಿ ನಮ್ಮಪ್ಪ ಆ ಎರಡು ವರ್ಷಕ್ಕೆ 'ಉನ್ನತ ವ್ಯಾಸಂಗದ ತಯಾರಿ' ಎಂದು ಬರೆದು ಮುಚ್ಚಿಹಾಕಿದ್ದರು. ಉಪ್ಪಿಟ್ಟಿನ ತಟ್ಟೆ ಕೊಟ್ಟ ಸುನಂದಾ ಇದ್ದಕ್ಕಿದ್ದಂತೆ, "ಬೆಂಗಳೂರಾಗ ಸೈಕಲ್ ಹೊಡೀತಿದ್ರೇನ್ರೀ?" ಎಂದು ಕೇಳಿದಳು. ಕೆಲಸವಿಲ್ಲದೆ ಬೀದಿ ಸುತ್ತುವುದಕ್ಕೆ ನಮ್ಮ ಕಡೆ ಹುಡುಗರು ಸೈಕಲ್ ಹೊಡೆಯೋದು ಅಂತಲೇ ಅನ್ನುತ್ತಿದ್ದರು. ಗುಟ್ಟು ರಟ್ಟಾಯಿತು ಎಂದುಕೊಂಡು, ನಮ್ಮಪ್ಪನ ಕಡೆ ನೋಡದೆ, "ಹೌದು, ಎರಡು ವರ್ಷ ಹೊಡೆದಿದೀನಿ" ಎಂದುಬಿಟ್ಟೆ. ನಮ್ಮಪ್ಪನಿಗೆ ಉಪ್ಪಿಟ್ಟು ನೆತ್ತಿಗೆ ಹತ್ತಿತು. ಆದರೆ ಒಂದು ವಾರದಲ್ಲಿ ಹುಡುಗಿ ಒಪ್ಪಿದ್ದಾಳೆಂದು ಕಾಗದ ಬಂತು.

ಮದುವೆಯಾದ ತಿಂಗಳಲ್ಲಿ ಅವಳು ತನ್ನ ಕಾಲೇಜು ಸೈಕಲ್ಲಿನ ಕಥೆ ಹೇಳಿದಾಗ ನನಗೆ ಥಟ್ಟನೆ ಹೊಳೆಯಿತು. ಅಯ್ಯೋ, ಪಾಪ ಇವಳು ಕೇಳಿದ್ದು ನಿಜವಾದ ಸೈಕಲ್ಲಿನ ವಿಷಯ! ನನ್ನನ್ನು ಯಾರೋ ಸೈಕಲ್ ವೀರ ಎಂದುಕೊಂಡು ಒಪ್ಪಿಬಿಟ್ಟಿದ್ದಾಳೆ! ಹೊಸ ಹೆಂಡತಿಯ ಮನಸ್ಸು ಮುರಿಯುವುದು ಹೇಗೆ? "ನಾನೂ ಅಷ್ಟೇ, ದಿನಾ ಎಂಟು ಮೈಲಿ" ಎಂದೆ. ಆ ಒಂದು ಸುಳ್ಳು ಸಾಕಲು ಮುಂದೆ ಎಷ್ಟು ಸುಳ್ಳು ಬೇಕಾದವೋ! ಇಲ್ಲಿ ಸ್ನೇಹಿತರು ಸೈಕಲ್ ಎಂದಾಗಲೆಲ್ಲ ನನಗೆ ಮಂಡಿನೋವು ಬರುತ್ತಿತ್ತು. ಕೊನೆಗೆ ಅದು ನಿಜವಾಗಿಯೂ ಬಂತು.

ಪ್ರಯಾಣಕ್ಕೆ ಎರಡು ತಿಂಗಳಿತ್ತು. ಅಪ್ಪ ಅಮ್ಮ ನಕ್ಷೆಗಳನ್ನು ನೋಡಿಕೊಳ್ಳಲಿ ಎಂದು ಮೇಘನಾ ದಿನಕ್ಕೊಂದು ಲಿಂಕು ಕಳಿಸುತ್ತಿದ್ದಳು. ಒಂದೊಂದನ್ನು ನೋಡಿದಾಗಲೂ ನನ್ನ ಗೊಂದಲ ಒಂದು ಸುತ್ತು ಬೆಳೆಯುತ್ತಿತ್ತು. ದಾರಿ ಕಾಲುವೆಯ ದಂಡೆ ಹಿಡಿದು ಹೋಗುತ್ತದೆ, ಅಲ್ಲಿಂದ ದ್ರಾಕ್ಷಿ ತೋಟಕ್ಕೆ ನುಗ್ಗುತ್ತದೆ, ಆಮೇಲೆ ರೈಲು ಹಳಿ ಕಿತ್ತು ಜಲ್ಲಿ ಹಾಸಿದ ಕಡೆ ಸೇರುತ್ತದೆ. ಬೀಳುವುದಾದರೆ ನೀರಿಗೆ ಬೀಳಬೇಕೋ, ದ್ರಾಕ್ಷಿಗೆ ಬೀಳಬೇಕೋ ಎನ್ನುವುದನ್ನು ಮಾತ್ರ ಯಾರೂ ಬರೆದಿರಲಿಲ್ಲ. ವಿಡಿಯೋ ಒಂದರಲ್ಲಿ ಗಡ್ಡದವನೊಬ್ಬ ಮಾತುಮಾತಿಗೂ "ವಾ ವೆರ್ತ್, ವಾ ವೆರ್ತ್" ಎನ್ನುತ್ತಿದ್ದ. ಪಾಪ, ಅವನೇ ವ್ಯರ್ಥ ಎನ್ನುತ್ತಿದ್ದಾನಲ್ಲ ಎಂದು ನನಗೆ ಸ್ವಲ್ಪ ಧೈರ್ಯ ಬಂತು. ಅದು ವಾಹನ ಬಿಡದ ಹಸಿರು ದಾರಿಗೆ ಫ್ರೆಂಚರು ಇಟ್ಟ ಹೆಸರು ಎಂದು ಮಗಳು ಹೇಳಿ ಆ ಧೈರ್ಯವನ್ನೂ ಕಿತ್ತುಕೊಂಡಳು. ಟ್ರಾಫಿಕ್ ಇಲ್ಲದ ದಾರಿ ಎನ್ನುವುದೂ ನನಗೆ ಭಯವೇ. ಟ್ರಾಫಿಕ್ ಇದ್ದರೆ ಬಿದ್ದದ್ದಕ್ಕೆ ಇನ್ನೊಬ್ಬರನ್ನು ಬೈಯಬಹುದು. ಇಲ್ಲದಿದ್ದರೆ ಯಾರನ್ನು ಬೈಯುವುದು?

ಬೇರೆ ದಾರಿ ಕಾಣದೆ ಹಳೆಯ ಸೈಕಲ್ಲೊಂದನ್ನು ಕೊಂಡು ಕಾರಿನ ಡಿಕ್ಕಿಯಲ್ಲಿ ಬಚ್ಚಿಟ್ಟೆ. ಶನಿವಾರ ಬೆಳಿಗ್ಗೆ ಬ್ರಿಡ್ಜ್‌ವಾಟರಿನ ದೇವಸ್ಥಾನಕ್ಕೆ ಎಂದು ಹೊರಟು, ನಮ್ಮೂರಿನ ಖಾಲಿ ಆಫೀಸ್ ಪಾರ್ಕಿನ ಪಾರ್ಕಿಂಗ್ ಲಾಟಿಗೆ ಹೋಗುತ್ತಿದ್ದೆ. ಅಷ್ಟು ದೊಡ್ಡ ಬಯಲಿನಲ್ಲಿ ಇದ್ದದ್ದು ಒಂದೇ ದೀಪದ ಕಂಬ. ನಾನು ಎತ್ತ ಹೊರಟರೂ ಸೈಕಲ್ಲು ಅದರ ಕಡೆಗೇ ತಿರುಗುತ್ತಿತ್ತು. ಮೂರನೇ ಶನಿವಾರ ಕಂಬ ತಪ್ಪಿಸಲು ಹೋಗಿ ಪಕ್ಕದ ಜಲ್ಲಿಯಲ್ಲಿ ಬಿದ್ದೆ. ಎರಡೂ ಅಂಗೈ, ಒಂದು ಮೊಣಕೈ ತರಚಿತು.

ಮನೆಗೆ ಬಂದು ಕೈ ಜೇಬಿಗೆ ಹಾಕಿಕೊಂಡೇ ಓಡಾಡಿದೆ. ಕಾಫಿ ಲೋಟ ಹಿಡಿಯುವಾಗ ಸಿಕ್ಕಿಬಿದ್ದೆ.

"ಇದೇನ್ರೀ ಇದು? ಗುಡಿಯಾಗ ಉರುಳು ಸೇವಾ ಮಾಡಿ ಬಂದ್ರೇನು?" ಎಂದು ಸುನಂದಾ ಕೈ ಹಿಡಿದು ನೋಡಿದಳು. ಗಾಯದಲ್ಲಿ ಸಣ್ಣ ಕಲ್ಲೊಂದು ಇನ್ನೂ ಇತ್ತು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಮೊಸರು ಬುಟ್ಟಿಯಿಂದ ಹಿಡಿದು ದೀಪದ ಕಂಬದವರೆಗೆ ಎಲ್ಲವನ್ನೂ ಹೇಳಿದೆ. ಕೊನೆಗೆ, "ನೀನು ಅವತ್ತು ಕೇಳಿದ್ದು ನನಗೆ ತಪ್ಪಾಗಿ ಅರ್ಥ ಆಯ್ತು. ಮೋಸ ಮಾಡಬೇಕು ಅಂತ ಹೇಳಿದ್ದಲ್ಲ ಕಣೇ" ಎಂದೆ. ಇಪ್ಪತ್ತೈದು ವರ್ಷದ ಮೇಲೆ ಹೆಂಡತಿ ತನ್ನನ್ನು ಕೈಬಿಡುತ್ತಾಳೇನೋ ಎಂದು ಹೆದರುವುದು ಹಾಸ್ಯಾಸ್ಪದ ಇರಬಹುದು. ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಅವಳು ಗಾಯದಲ್ಲಿದ್ದ ಕಲ್ಲನ್ನು ಉಗುರಿನಿಂದ ತೆಗೆದು ಕೇಳಿದಳು: "ತಪ್ಪು ಎಲ್ಲಿ ತಿಳಕೊಂಡ್ರಿ? ನಾ ಕೇಳಿದ್ದೂ ಅದನ್ನ."

"ಯಾವುದನ್ನ?"

"ಕೆಲಸಿಲ್ಲದ ತಿರುಗಿದ್ದನ್ನ. ನಮ್ಮಣ್ಣ ಬೆಂಗಳೂರಾಗ ಕೆಲಸ ಹುಡುಕೋ ಮುಂದ, ಸೈಕಲ್ ಹೊಡೀಲಿಕ್ಕತ್ತೀನಿ ಅಂತ ಪತ್ರ ಬರೀತಿದ್ದ. ನಿಮ್ಮ ಬಯೋಡೇಟಾದಾಗಿನ ಆ ಎರಡು ವರ್ಷದ ಮ್ಯಾಲೆ ಸಂಶಯ ಬಂದಿತ್ತು, ಅದಕ್ಕ ಕೇಳಿದೆ. ಹುಡುಗಿ ನೋಡ್ಲಿಕ್ಕೆ ಬಂದವರೆಲ್ಲಾ ಬಡಾಯಿ ಕೊಚ್ಚಿ ಹೋಗಿದ್ರು. ನಿಮ್ಮ ಅಪ್ಪನ ಎದುರಿಗೇ ಖರೇ ಹೇಳಿದವರು ನೀವೊಬ್ರ. ಸುಳ್ಳು ಹೇಳೂದಿಲ್ಲ ಈ ಮನಷ್ಯಾ ಅಂತ ಹೂಂ ಅಂದೆ."

ಅವಳು ಕೇಳಿದ್ದೂ ಸರಿ, ನಾನು ಹೇಳಿದ್ದೂ ಸರಿ. ಅವಳು ಮೆಚ್ಚಿದ್ದು ನಿಜ ಹೇಳಿದವನನ್ನು. ಎಲ್ಲಿ ಅವಳಿಗೆ ಬೇಸರವಾಗುತ್ತದೋ ಎಂದು ನಾನು ಅವನನ್ನು ಓಡಿಸಿ, ದಿನಾ ಎಂಟು ಮೈಲಿ ತುಳಿಯುವ ಸುಳ್ಳನೊಬ್ಬನನ್ನು ತಂದು ಮನೆಯಲ್ಲಿಟ್ಟುಕೊಂಡಿದ್ದೆ. ಅಂಗೈಗಿಂತ ಎದೆ ಹೆಚ್ಚು ಉರಿಯಿತು. ಸುನಂದಾ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಸಂಜೆ ಕಾರಿನ ಬೀಗದ ಕೈ ತೆಗೆದುಕೊಂಡು, "ನಡೀರಿ, ಎಲ್ಲಿ ಅದ ಆ ಕಂಬ, ತೋರಸ್ರಿ" ಎಂದಳು.

ಈಗ ದಿನಾ ಸಂಜೆ ಅವಳು ಸೀಟು ಹಿಡಿದು ಹಿಂದೆ ಓಡುತ್ತಾಳೆ, ನಾನು ತುಳಿಯುತ್ತೇನೆ. ನಿನ್ನೆ ಎಂದಿಲ್ಲದ ಹಾಗೆ ಸೈಕಲ್ಲು ನೆಟ್ಟಗೆ ಹೋಗತೊಡಗಿತು. ಅನುಮಾನ ಬಂದು, "ಹಿಡ್ಕೊಂಡಿದೀಯಾ?" ಎಂದು ಕೂಗಿದೆ.

"ಹಿಡಕೊಂಡೀನ್ರೀ! ನೀವು ತುಳೀರಿ!" ಎಂದಳು. ಆ ದನಿ ಪಾರ್ಕಿಂಗ್ ಲಾಟಿನ ಆ ತುದಿಯಿಂದ ಬಂತು. ಸುಳ್ಳು ಹೇಳಿದ್ದಕ್ಕೆ ಅವಳನ್ನು ತರಾಟೆಗೆ ತೆಗೆದುಕೊಳ್ಳಬೇಕು ಅನ್ನಿಸಿತು. ಆದರೆ ತುಳಿಯುತ್ತಲೇ ಹಿಂದಿರುಗಿ ನೋಡುವುದು ನನಗಿನ್ನೂ ಬರುವುದಿಲ್ಲ.